ನಾಕಾದ ಗೋಡೆಯೊಳಗಿನ ಡಬ್ಬಿ

ನೀಲಾ ಕಾಕಿ,

ಇದನ್ನು ಒಂದು ದರಖಾಸ್ತು ಎಂದು ತಿಳಿ. ನಮ್ಮ ಸೀಮೆಯಲ್ಲಿ ಬಾವಿಯ ಹೂಳು ತೆಗೆಯುವುದಕ್ಕೂ ದರಖಾಸ್ತು ಬೇಕು. ಆದರೆ ಸತ್ತವರೊಡನೆ ಮಾತಾಡಲು ಯಾವ ಕಚೇರಿಗೆ ಕೊಡಬೇಕೆಂದು ಇಡೀ ಶಹಾಪುರದಲ್ಲಿ ಯಾರಿಗೂ ಗೊತ್ತಿಲ್ಲ. ಅದಕ್ಕೇ ನೇರ ನಿನಗೆ ಬರೆಯುತ್ತಿದ್ದೇನೆ. ಅರ್ಜಿದಾರನ ಹೆಸರು ಶಂಕ್ರ, ವಾಸ ನಿನ್ನ ಮಗ್ಗುಲ ಮನೆ, ಕಸುಬು ಚೇಷ್ಟೆ. ನಾನು ಮುಖ ಗಂಭೀರ ಮಾಡಿದಷ್ಟೂ ನೀನು ಸೆರಗು ಬಾಯಿಗಿಟ್ಟು ನಗುತ್ತಿದ್ದೆ. ಈ ಸಲ ನಗಿಸುವುದಕ್ಕಾಗುತ್ತದೋ ಇಲ್ಲವೋ. ಸಿಟ್ಟಾಗುವುದಿದ್ದರೆ ಪೂರ್ತಿ ಓದಿದ ಮೇಲೆ ಆಗು.

ಈ ಆಟ ಶುರುವಾದದ್ದು ಹೇಗೆಂದು ನೀನು ಒಮ್ಮೆ ಅವರೆಕಾಯಿ ಸುಲಿಯುತ್ತ ಹೇಳಿದ್ದೆ. ಮದುವೆಯಾದ ಹೊಸತರಲ್ಲಿ ತುಂಬಿದ ಮನೆ. ಹಗಲು ಹೊತ್ತು ಗಂಡನೊಡನೆ ಒಂದು ಮಾತಾಡುವ ಹಾಗಿರಲಿಲ್ಲ. ಕಾಕಾ ಬಟ್ಟೆಗೆ ಬಣ್ಣದ ಹೂ ಒತ್ತುವ ಮರದ ಅಚ್ಚು ಕೆತ್ತುವವರು, ನಿನಗೆ ಅಕ್ಷರ ಬಾರದು. ಅದಕ್ಕೆ ಅವರು ತಮಗೊಂದು ಆಮೆ, ನಿನಗೊಂದು ಅಳಿಲು ಕೆತ್ತಿದರು. ಹಿತ್ತಲ ಬಾವಿಕಟ್ಟೆಯ ಸಂದಿಯಲ್ಲಿ ಅವರು ಆಮೆ ಒತ್ತಿದ ಕಾಗದದ ಚೂರು ಇಟ್ಟು ಹೋಗುವುದು, ನೀರಿಗೆ ಹೋದಾಗ ನೀನು ಅದರ ಪಕ್ಕ ಅಳಿಲು ಒತ್ತಿ ಬರುವುದು. ಅಷ್ಟೇ. ಏನೂ ಬರೆದಿರುತ್ತಿರಲಿಲ್ಲ. ಆದರೂ ದಿನಕ್ಕೆ ನಾಲ್ಕು ಸಲ ನೀರಿಗೆ ಹೋಗುತ್ತಿದ್ದೆಯಂತೆ. ಮುಂದೆ ಕಾಗದದ ಚೂರು ಪುಸ್ತಕವಾಯಿತು, ಸಂದಿ ಹೋಗಿ ತಗಡಿನ ಡಬ್ಬಿ ಬಂತು, ಹಿತ್ತಲು ಹೋಗಿ ಗುಡ್ಡ ಬಂತು. ಒಬ್ಬರು ಡಬ್ಬಿ ಬಚ್ಚಿಟ್ಟು ಒಗಟು ಹಾಕುವುದು, ಹುಡುಕಿದವರು ಒಳಗಿನ ಪುಸ್ತಕದಲ್ಲಿ ತಮ್ಮ ಮುದ್ರೆ ಒತ್ತಿ ಅಲ್ಲೇ ಇಟ್ಟು ಬರುವುದು.

ಗೌರಿ ನಮ್ಮ ಮನೆಗೆ ಸೊಸೆಯಾಗಿ ಬಂದ ವರ್ಷ ನೀನು ನಮ್ಮವ್ವನ ಹತ್ತಿರ ಬಂದು ಕೂತದ್ದು ನೆನಪಿದೆ. ಆಗ ನಾನೂ ಗೌರಿಯೂ ಒಂದೇ ಮನೆಯಲ್ಲಿದ್ದ ಇಬ್ಬರು ಅಪರಿಚಿತರು. “ನಿನ್ನ ಸೊಸಿನ್ನ ಸೀತಾಫಲ ಕೀಳಾಕ ಕಳಿಸು ಯಕ್ಕಾ. ಬುಟ್ಟಿ ಹೊರಾಕ ಮಗನ್ನೂ ಕಳಿಸು, ಮನ್ಯಾಗ ಕುಂತು ಏನ್ ರಾಜ್ಯ ಆಳ್ತಾನ ಅವ,” ಎಂದೆ. ಗುಡ್ಡದ ಬುಡಕ್ಕೆ ಹೋದ ಮೇಲೆ ತಾನೇ ನಮಗೆ ಗೊತ್ತಾದದ್ದು, ಬುಟ್ಟಿಯೊಳಗೆ ಸೀತಾಫಲವಲ್ಲ, ನಿನ್ನ ಒಗಟು ಇತ್ತೆಂದು? ಗೌರಿ ಅದನ್ನು ಬಿಡಿಸಿದಳು, ನಾನು ಬಿಲಕ್ಕೆ ಕೈ ಹಾಕಿದೆ, ಡಬ್ಬಿಗಿಂತ ಮೊದಲು ಕಪ್ಪೆ ಸಿಕ್ಕಿತು. ಅವಳು ನನ್ನೆದುರು ಮೊದಲ ಸಲ ನಕ್ಕದ್ದು ಅಲ್ಲಿ. ನನಗೆ ಮುದ್ರೆ ಬೇಕೆಂದಾಗ ಸಿಂಹ ಕೇಳಿದ್ದೆ. ಕಾಕಾ ಮಾತಿಲ್ಲದೆ ಮಂಗ ಕೆತ್ತಿ ಕೊಟ್ಟರು.

ಯಾದಗಿರಿಗೆ ಹೋದಾಗಲೆಲ್ಲ ಸ್ಟೇಷನ್ ಬದಿಯ ಚಹಾದ ಅಂಗಡಿಯ ಪೀರಾಸಾಬ್ ಚಾಚಾನ ಮನೆಯಲ್ಲೇ ನಮ್ಮ ನಾಲ್ವರ ಬಿಡಾರ. ಅವರ ಮುದ್ರೆ ಚಹಾದ ಕಿಟ್ಲಿ. ಚಾಚಿ ಬುರ್ಖಾದೊಳಗೆ ಡಬ್ಬಿ ಅವಚಿಕೊಂಡು ಕೋಟೆಯ ಮೆಟ್ಟಿಲು ಹತ್ತುವಾಗ ನೀನು ಹಿಂದಿನಿಂದ ತಳ್ಳುತ್ತಿದ್ದೆ. ಇಬ್ಬರಿಗೂ ಉಸಿರಿಗಿಂತ ನಗು ಹೆಚ್ಚು. ಅವರ ಡಬ್ಬಿಯ ಪುಸ್ತಕದಲ್ಲಿ ನಾನು ‘ತಹಸೀಲ್ದಾರ್ ಸಾಹೇಬರು ಸದರಿ ಡಬ್ಬಿಯನ್ನು ಖುದ್ದು ತಪಾಸಣೆ ಮಾಡಿರುತ್ತಾರೆ’ ಎಂದು ಉರ್ದುವಿನಲ್ಲಿ ಬರೆದು ಸರ್ಕಾರಿ ಮೊಹರಿನ ಬದಲು ಕೋಟಿನ ಗುಂಡಿ ಒತ್ತಿ ಬಂದಿದ್ದೆ. ಚಾಚಾ ಹೆದರಿ ಎರಡು ದಿನ ಅಂಗಡಿ ಮುಚ್ಚಿ ಮನೆಯಲ್ಲೇ ಕೂತಿದ್ದ. ನೀನು ನನ್ನ ಕಿವಿ ಹಿಂಡಿ, ಅದೇ ಕೈಯಿಂದ ಹೋಳಿಗೆ ಕೊಟ್ಟೆ. ಅಂದೇ ಬರೀ ಕಿವಿ ಹಿಂಡಿ ಬಿಟ್ಟಿದ್ದರೆ...

ಗೌರಿ ನಿನಗೆ ಅಕ್ಷರ ಕಲಿಸುತ್ತಿದ್ದ ಮಧ್ಯಾಹ್ನಗಳು ನನಗೆ ದೊಡ್ಡ ತಮಾಷೆಯಾಗಿದ್ದವು. ನಾನು ಸಾಲೆಯಲ್ಲಿ ಉರ್ದು ಕಲಿತವನು, ಕನ್ನಡ ಮನೆಯಲ್ಲಿ ಅಜ್ಜನ ಬೈಗುಳದೊಂದಿಗೆ ಕಲಿತದ್ದು. ಅವಳು ತಾಳಿಕೋಟೆಯವಳು, ನಮ್ಮ ಸಂಸ್ಥಾನದ ಗಡಿಯಾಚೆ ಕನ್ನಡ ಸಾಲೆ ಓದಿದವಳು. ಅಷ್ಟು ವರ್ಷ ನಿನ್ನ ಡಬ್ಬಿಗಳ ಒಗಟನ್ನು ನೀನು ಹೇಳುವುದು, ಬೇರೆ ಯಾರಾದರೂ ಬರೆಯುವುದು. ತಲೆ ನರೆತ ಮೇಲೆ ನಿನಗೆ ಸ್ವಂತ ಕೈಯಲ್ಲಿ ಬರೆಯುವ ಹಟ ಬಂತು. ನಾನು ಬಾಗಿಲಲ್ಲಿ ಕಾಣಿಸಿದರೆ ಪಾಟಿಯನ್ನು ಸೆರಗಿನಿಂದ ಒರೆಸಿಬಿಡುತ್ತಿದ್ದೆ.

ತವರಿಗೆಂದು ಕೆಂಭಾವಿಗೆ ಹೋಗಿ ಬಂದ ಸಂಜೆ ನೀನು ಕಾಕಾನಿಗೆ ನಮ್ಮೆದುರೇ ಒಗಟು ಹೇಳಿದೆ: ‘ಬಾಯಿ ಇದ್ದಾಳ, ನೀರು ಕೊಡಾಂಗಿಲ್ಲ, ಆಕಿ ಮೂರನೇ ಹಲ್ಲಿನ ಕೆಳಗ.’ ಕಾಕಾ ಆಮೆಯಲ್ಲವೇ, ಎಂದಿನಂತೆ ಒಂದು ವಾರ ಅಗಿಯುತ್ತಾರೆ ಎಂದುಕೊಂಡೆ. ನನಗೆ ಆಗಲೇ ಹೊಳೆದಿತ್ತು, ಬಾಯಿ ಎಂದರೆ ಬಾವಿ, ಹಲ್ಲು ಎಂದರೆ ಮೆಟ್ಟಿಲು: ಕೆಂಭಾವಿಯ ಊರಾಚೆ, ಗಡಿಯ ದಾರಿಯಲ್ಲಿರುವ ಬತ್ತಿದ ಮೆಟ್ಟಿಲ ಬಾವಿ. ನಮ್ಮ ಕಟ್ಟಳೆ ನನಗೆ ಗೊತ್ತಿತ್ತು ಕಾಕಿ. ಹೆಂಡತಿ ಇಟ್ಟ ಡಬ್ಬಿಯ ಪುಸ್ತಕ ಮೊದಲು ತೆರೆಯಬೇಕಾದವನು ಗಂಡ. ಅವನು ಮುದ್ರೆ ಒತ್ತಿದ ಮೇಲೆಯೇ ಉಳಿದವರ ಸರದಿ. ಆದರೂ ಮರುದಿನ ಸಂತೆಯ ನೆಪ ಮಾಡಿ ಹೋದೆ, ಡಬ್ಬಿ ತೆಗೆದೆ. ಎದುರಿಗೇ ಗಡಿಯ ಹಳೆಯ ನಾಕಾ, ಸುಂಕ ಕಟ್ಟುವ ಮನೆ, ಬಹಳ ದಿನದಿಂದ ಖಾಲಿ ಬಿದ್ದಿತ್ತು. ಅದರ ಹಿಂದಿನ ಗೋಡೆಯ ಗೂಡಿನಲ್ಲಿ ಡಬ್ಬಿ ಇಟ್ಟು, ಚಪ್ಪಡಿ ಕಲ್ಲು ಅಡ್ಡ ಕೊಟ್ಟು, ಮಣ್ಣು ಮೆತ್ತಿದೆ. ಕಾಕಾ ಮುಖ ಜೋಲು ಹಾಕಿಕೊಂಡು ಬಂದಾಗ, ‘ಸದರಿ ಡಬ್ಬಿಯನ್ನು ಸರ್ಕಾರ ಜಪ್ತಿ ಮಾಡಿರುತ್ತದೆ’ ಎಂದು ಓದಿ ಹೇಳಲು ಫರ್ಮಾನು ಬೇರೆ ಬರೆದಿಟ್ಟುಕೊಂಡಿದ್ದೆ.

ನಿನಗೆ ಜ್ವರ ಬಂದದ್ದು ಅದರ ಮಾರನೇ ದಿನ. ಕಾಕಾ ನಿನ್ನ ಮಂಚ ಬಿಟ್ಟು ಏಳಲಿಲ್ಲ. ನಾನು ಗಂಜಿ ತಂದಾಗ ನೀನು ಕೇಳಿದೆ, “ಆಮಿ ಹೋಗಿತ್ತೇನೋ?” ಇನ್ನೂ ಕಾಲು ಹೊರಗೆ ತೆಗೆಯುತ್ತಿದೆ ಎಂದೆ. ನೀನು ಹತ್ತಿರ ಕರೆದು, “ಅದರಾಗ ನನ್ನ ಕೈಲೆ ಬರದೀನೋ ಶಂಕ್ರಾ. ಓದಿ ನಗಬ್ಯಾಡ್ರಿ ಅಂತ ಹೇಳು ನಿಮ್ಮ ಕಾಕಾಗ,” ಎಂದೆ. ಕಾಕಾ ಮದ್ದು ಅರೆಯಲು ಒಳಗೆ ಹೋಗಿದ್ದರು. ಆಗಲೇ ಹೇಳಬಹುದಿತ್ತು. ಏನೆಂದು ಹೇಳುವುದು? ನೀನು ಏಳುತ್ತೀ, ಬರುವ ಸಂತೆಗೆ ನಾನೇ ಹೋಗಿ ಡಬ್ಬಿಯನ್ನು ಅದರ ಜಾಗಕ್ಕೆ ಇಟ್ಟು ಬರುತ್ತೇನೆ ಎಂದುಕೊಂಡೆ. ಸಂತೆ ಬರುವ ಮೊದಲೇ ನೀನು ಹೋದೆ.

ನಿನ್ನ ದಿನಕರ್ಮ ಮುಗಿದ ಮೇಲೆ ಕಾಕಾ ಕೆಂಭಾವಿಗೆ ಹೋಗಿ ಬರಿಗೈಯಲ್ಲಿ ಬಂದರು. ಅಷ್ಟರಲ್ಲಿ ಕಾಲ ಬದಲಾಗಿತ್ತು ಕಾಕಿ. ಗಡಿ ಬಿಗಿಯಾಯಿತು, ಖಾಲಿ ನಾಕಾದ ತುಂಬ ಬಂದೂಕಿನ ಮಂದಿ ಬಂದು ಕೂತರು. ಗೋಡೆಗೆಲ್ಲ ಗಚ್ಚು ಬಳಿದರು, ಗೂಡು ಎಲ್ಲಿತ್ತೆಂಬ ಗುರುತೂ ಉಳಿಯಲಿಲ್ಲ. ನಾನು ಮೊಸರಿನ ಗಡಿಗೆ ಹೊತ್ತು ಹೋದೆ. ಆ ಗೋಡೆಯಲ್ಲಿ ನಮ್ಮ ಮನೆದೇವರಿದ್ದಾನೆ, ಪೂಜೆ ಮಾಡಬೇಕು ಎಂದೆ. ಜವಾನ ಮೊಸರು ಇಟ್ಟುಕೊಂಡು ನನ್ನನ್ನು ಬಂದೂಕಿನ ಹಿಡಿಯಿಂದ ದೂಡಿದ. ನಿಜವನ್ನೇ ಹೇಳುವುದೆಂದರೆ, ಗಡಿಯ ಗೋಡೆಯೊಳಗೆ ಮುದ್ರೆಯೂ ಒಗಟೂ ಇರುವ ಡಬ್ಬಿ ಬಚ್ಚಿಟ್ಟವನನ್ನು ಈ ದಿನಗಳಲ್ಲಿ ಯಾರು ಮನೆಗೆ ಕಳಿಸುತ್ತಾರೆ? ಡಬ್ಬಿಯೂ ಹೋಗುತ್ತದೆ, ನಾನೂ ಹೋಗುತ್ತೇನೆ. ಊರಿಗೆಲ್ಲ ಸುಳ್ಳು ನಂಬಿಸಿದ ಬಾಯಿ ಒಂದು ನಿಜ ಹೇಳಲಾರದೆ ತಿರುಗಿ ಬಂತು.

ಗೌರಿಯ ಹತ್ತಿರ ಒಂದು ಮಧ್ಯಾಹ್ನ ನನ್ನ ಕೊನೆಯ ಉಪಾಯ ಹೇಳಿದೆ. ನಿನ್ನ ಅಳಿಲನ್ನು ನಾನು ಇನ್ನೊಂದು ಕೆತ್ತುವುದು, ನಿನ್ನ ಕೈಬರಹ ಅವಳಿಗೆ ಗೊತ್ತು, ಅವಳು ಎರಡು ಸಾಲು ಬರೆಯುವುದು, ಬಾವಿಯಲ್ಲಿ ಇಡುವುದು. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. “ಏನಂತ ಬರೀಲಿ? ಕಾಕಿ ಆಗಿ ಕಾಕಾಗ ಏನಂತ ಬರೀಲಿ, ನೀವs ಹೇಳ್ರಿ,” ಎಂದಳು. ಅಚ್ಚಿಗೆಂದು ತಂದಿದ್ದ ಮರದ ತುಂಡನ್ನು ಒಲೆಗೆ ಹಾಕಿದೆ.

ಹೋದ ಸಂತೆಗೆ ಕಾಕಾನ ಜೊತೆ ನಾನೂ ಹೋದೆ. ಅವರು ಆ ಬಾವಿಯ ಮೆಟ್ಟಿಲುಗಳನ್ನು ಮೇಲಿನಿಂದ ಎಣಿಸಿ, ಕೆಳಗಿನಿಂದ ಎಣಿಸಿ, ಮೂರು ಬಿಟ್ಟು ಮೂರು ಎಣಿಸಿ ಎಲ್ಲವನ್ನೂ ಮುಗಿಸಿದ್ದರು. ಉಗುರು ಒಡೆದಿದ್ದವು. ಆ ಬೆರಳಿಗೆ ಏನಾದರೂ ಆದರೆ ಕೆತ್ತನೆಯ ಗತಿಯೇನು ಎಂದರೂ ಕೇಳಲಿಲ್ಲ. ದಣಿದು ಕೂತು, “ಆಕಿ ಎಷ್ಟ್ ಒಗಟು ಹಾಕಿದ್ರೂ ತಡ ಆಗಿ ಆದ್ರೂ ಬಿಡಿಸೀನೋ. ಇದೊಂದು ಬಗಿಹರಿವಲ್ದು. ನನ್ನ ಮ್ಯಾಲ ಏನರ ಸಿಟ್ಟಿತ್ತೇನು ಆಕಿಗೆ?” ಎಂದರು.

ಅದನ್ನು ಕೇಳಿ ಸುಮ್ಮನಿರಲು ನನ್ನಿಂದ ಆಗಲಿಲ್ಲ ಕಾಕಿ. ಎಲ್ಲ ಹೇಳಿದೆ. ಮೊದಲು ಅವರು ನಕ್ಕರು. “ಇದೂ ನಿಂದೊಂದು ಆಟ ಅನ್ನೋ ಶಂಕ್ರಾ,” ಎಂದರು. ನನ್ನ ಗಂಭೀರ ಮುಖವನ್ನು ಯಾರು ತಾನೆ ನಂಬುತ್ತಾರೆ? ಗೌರಿಯ ತಲೆಯಾಣೆ ಇಟ್ಟ ಮೇಲೆ ನಗು ನಿಂತಿತು. ನಾಕಾದ ಬಿಳಿ ಗೋಡೆಯ ಕಡೆ ತಿರುಗಿದರು.

“ಒಳಗ ಓದಿದೇನು?” ಎಂದು ಕೇಳಿದರು.

“ಇಲ್ರಿ ಕಾಕಾ. ನಿಮ್ಮಾಣಿ, ಮುಚ್ಚಳ ಸೈತ ತಗದಿಲ್ಲ.” ಇಷ್ಟು ತಪ್ಪುಗಳ ನಡುವೆ ಇದೊಂದನ್ನಾದರೂ ಸರಿ ಮಾಡಿದ್ದೇನೆಂಬ ಧೈರ್ಯದಲ್ಲಿ ಹೇಳಿದೆ.

“ಓದಿದ್ರ ಚಲೋ ಇತ್ತಲ್ಲೋ,” ಎಂದರು ಕಾಕಾ. “ನೀನರ ಹೇಳ್ತಿದ್ದಿ.”

ಬೈದಿದ್ದರೆ, ಹೊಡೆದಿದ್ದರೆ... ಮನೆಗೆ ಬಂದು ಗೌರಿಯನ್ನು ಕರೆದು, ಅವಳ ಹತ್ತಿರ ಕಲಿಯುವಾಗ ನೀನು ಪಾಟಿಯ ಮೇಲೆ ಏನು ಬರೆಯುತ್ತಿದ್ದೆ ಎಂದು ಕೇಳಿದರು. ಆ ಕೊನೆಯ ವಾರ ನೀನು ತನಗೂ ತೋರಿಸದೆ ಒರೆಸುತ್ತಿದ್ದೆ ಎಂದು ಹೇಳಿ ಅವಳು ಅತ್ತಳು. ಕಾಕಾ ನನ್ನ ಕಡೆ ತಿರುಗಿ, “ನೀನs ಬಚ್ಚಿಟ್ಟಿ, ನೀನs ಕೇಳು ಆಕಿಗೆ,” ಎಂದು ಒಳಗೆ ಹೋದರು.

ಅದಕ್ಕೇ ಈ ದರಖಾಸ್ತು. ಏನು ಬರೆದಿದ್ದೆ ಕಾಕಿ? ನಿನ್ನ ದಪ್ಪ ದಪ್ಪ ಅಕ್ಷರದಲ್ಲಿ, ಸಾಲು ಮೇಲಕ್ಕೆ ಹತ್ತಿರಬೇಕು, ಅಲ್ಲವೇ? ಉತ್ತರ ಬರುವುದಿಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ನಾಳೆ ಸಂತೆ. ಕಾಕಾ ಬಂಡಿ ಹೇಳಿದ್ದಾರೆ. ಬಾವಿಯ ಕಡೆ ಇನ್ನು ಹೋಗುವುದಿಲ್ಲವಂತೆ. ರಸ್ತೆಯ ಈಚೆ ಕೂತು ಆ ಗೋಡೆ ನೋಡಿ ಬರುತ್ತಾರಂತೆ. ನನಗೆ ಬಾ ಎಂದಿಲ್ಲ, ಬೇಡ ಎಂದೂ ಇಲ್ಲ. ನಾನು ಹೋಗುತ್ತೇನೆ. ಅವರು ಹೋಗುವ ಎಲ್ಲ ಸಂತೆಗೂ ಹೋಗುತ್ತೇನೆ.

ನಿನಗೆ ತಿಳಿಯದ ಒಂದು ಸುದ್ದಿ ಇದೆ: ನಿನ್ನ ಕೊನೆಯ ಒಗಟನ್ನು ಆಮೆ ಸರಿಯಾಗಿಯೇ ಬಿಡಿಸಿತ್ತು. ಅವರು ಮೊದಲ ಸಲ ಹೋದ ದಿನ ನಾನು ದೂರದಿಂದ ಹಿಂದೆಯೇ ಹೋಗಿ ಜಾಲಿಗಿಡದ ಮರೆಯಲ್ಲಿ ನಿಂತಿದ್ದೆ. ಕಾಕಾ ಯಾರನ್ನೂ ದಾರಿ ಕೇಳಲಿಲ್ಲ, ಎಲ್ಲೂ ತಡವರಿಸಲಿಲ್ಲ. ಊರು ದಾಟಿ ನೇರ ಬಾವಿಗೆ ಬಂದರು, ಚಪ್ಪಲಿ ಕಳೆದು ಇಳಿದರು, ಮೂರನೇ ಮೆಟ್ಟಿಲಿನ ಕೆಳಗೇ ಕೈ ಹಾಕಿದರು.

ಶಂಕ್ರ