ಬಯಲು ಚೀಟಿ ಬಂದವಳಿಗೆ

ನೆರಳು ಶಕೆ ೧೮೭, ಓರೆ ತಿಂಗಳ ಕೊನೆಯ ದಿನ
ಬೆಣಚಿಹಾಳ

ಫಕೀರವ್ವ ಆಯಿಗೆ, ಸೂಗವ್ವ ಮಾಡುವ ನಮಸ್ಕಾರಗಳು.

ಈ ತಾರೀಖು ನಿಮ್ಮ ಮನೆಯ ಕ್ಯಾಲೆಂಡರಿನಲ್ಲಿ ಇಲ್ಲ, ಹುಡುಕಬೇಡಿ; ನಿಮ್ಮ ಹೊಲಗಳಿಗೆ ಮೊದಲ ಪ್ಯಾನೆಲ್ಲಿನ ನೆರಳು ಬಿದ್ದ ವರ್ಷದಿಂದ ನಾವು ಎಣಿಸುತ್ತ ಬಂದ ಶಕೆ ಇದು. ನಮ್ಮ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಹೊಟ್ಟೆಗೆ ಹಾಕಿಕೊಳ್ಳಿ. ಇದನ್ನು ಓದುವಾಗ ನೀವು ನನ್ನ ಮಗಳ ವಯಸ್ಸಿನವರು. ಆದರೂ ಆಯಿ ಎಂದೇ ಕರೆಯುತ್ತೇನೆ. ಇಡೀ ಊರು ಅಜ್ಜಿಯೆಂದು ಒಪ್ಪಿಕೊಂಡವರನ್ನು ಬೇರೆ ಹೆಸರಿನಿಂದ ಕರೆಯಲು ನನಗೆ ಬಾಯಿ ಬರುವುದಿಲ್ಲ.

ನಿಮ್ಮ ಸಂಕಟ ನಮಗೆ ಬಾಯಿಂದ ಬಾಯಿಗೆ ಬಂದು ಮುಟ್ಟಿದೆ. ವಿಶ್ವವಿದ್ಯಾಲಯದವರು, ಪ್ಯಾನೆಲ್ ಮಾಡುವವರು, ಬೆಣಚಿಹಾಳದ ಹೆಂಗಸರು ಒಟ್ಟಾಗಿ ಸಂಶೋಧನೆ ಶುರುಮಾಡಿದ್ದೀರಿ: ಮೇಲೆ ಕರೆಂಟು, ಕೆಳಗೆ ಬೆಳೆ. ಹೋಲಿಸಿ ನೋಡಲು ಒಂದು ಹೊಲ ಪ್ಯಾನೆಲ್ ಇಲ್ಲದೆ ಬಯಲಾಗಿಯೇ ಇರಬೇಕಿತ್ತು. ಯಾರದು ಎಂದು ಚೀಟಿ ಎತ್ತಿದಾಗ ಅದು ನಿಮಗೆ ಬಂತು. ಪಕ್ಕದ ಹೊಲದಲ್ಲಿ ನೀಲವ್ವನ ಮೆಂತ್ಯ ನೆರಳಿನಲ್ಲಿ ನಗುತ್ತಿದ್ದರೆ ನಿಮ್ಮ ಸಜ್ಜೆ ಬಿಸಿಲಿನಲ್ಲಿ ಹಲ್ಲು ಕಚ್ಚಿ ನಿಂತಿದೆ. ಎರಡು ವರ್ಷ ಸಹಿಸಿದಿರಿ. ನಾಳೆ ಬಿತ್ತನೆಯ ಸಭೆಗೆ ಹೋಗಿ ನಿಮ್ಮ ಹೆಸರನ್ನು ತೆಗೆಸಬೇಕೆಂದು ಇವತ್ತು ಸಂಜೆ ನಿಶ್ಚಯ ಮಾಡಿದ್ದೀರಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲ ವರ್ಷವೇ ಜಗಳ ತೆಗೆದು ಎದ್ದು ಬರುತ್ತಿದ್ದೆ.

ಆ ಸಂಶೋಧನೆ ಮುಗಿಯಲೇ ಇಲ್ಲ, ಆಯಿ. ಅದೀಗ ನಮ್ಮ ಬದುಕು. ಹೋದ ವರ್ಷದ ಮುಂಗಾರಿನವರೆಗೆ ನಮ್ಮ ದಿನ ಹೇಗಿತ್ತೋ ಹಾಗೆಯೇ ಹೇಳುತ್ತೇನೆ: ಹೊಲಗಳ ಮೇಲೆಲ್ಲ ಬೆಳಕುಚಪ್ಪರ ಹಬ್ಬಿದೆ. ನೀವು ಪ್ಯಾನೆಲ್ ಎನ್ನುವುದರ ಮೊಮ್ಮಕ್ಕಳು ಅವು, ಎಲೆಯಷ್ಟು ತೆಳು. ಬೆಳಗ್ಗೆ ಅವುಗಳನ್ನು ತೊಳೆದ ನೀರು ಹಾಗೆಯೇ ಸಾಲುಗಳಿಗೆ ಇಳಿಯುತ್ತದೆ. ಮಟಮಟ ಮಧ್ಯಾಹ್ನ ನಾವು ಹೊಲದಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಊರ ಸುದ್ದಿ ಮಾತಾಡುತ್ತೇವೆ; ಕುರಿಗಳು ಕಾಲಬುಡದಲ್ಲೇ ಮೇಯುತ್ತವೆ. ಸಂಜೆ ಮೂವರ ಕಟ್ಟೆ ಕೂಡುತ್ತದೆ. ಬೆಳೆಯುವವಳು, ಕರೆಂಟು ನೋಡುವವಳು, ಅಳೆದು ಬರೆಯುವವಳು ಅಲ್ಲಿ ಕೂತು ನಾಳೆ ಚಪ್ಪರ ಎಷ್ಟು ಓರೆಯಾಗಬೇಕು, ಬೆಳೆಗೆಷ್ಟು ಬಿಸಿಲು, ಗಿರಣಿಗೆಷ್ಟು ಎಂದು ತೀರ್ಮಾನಿಸುತ್ತಾರೆ. ಗಂಟಲು ಹರಿಯುವಷ್ಟು ಜಗಳವಾಡಿ ಒಂದೇ ತಟ್ಟೆಯಲ್ಲಿ ಉಣ್ಣುತ್ತಾರೆ. ಮೊದಲ ಮಳೆ ನೆಲಕ್ಕೆ ತಾಗಲೆಂದು ಎಲ್ಲ ಚಪ್ಪರಗಳನ್ನೂ ಓರೆ ಮಾಡುವ ತಿಂಗಳೇ ಓರೆ ತಿಂಗಳು. ಒಂದೇ ಬಿಸಿಲು ಮೇಲೆ ಕರೆಂಟಾಗಿ, ಕೆಳಗೆ ಕಾಳಾಗಿ, ಎರಡು ದಾರಿಯಿಂದ ಬಂದು ನಮ್ಮ ಊರ ಗಿರಣಿಯಲ್ಲಿ ಹಿಟ್ಟಾಗುತ್ತದೆ. ರೊಟ್ಟಿ ಬಡಿಯುವಾಗ ಇದು ನೆನಪಾದರೆ ಈ ವಯಸ್ಸಿನಲ್ಲೂ ನನ್ನ ಕೈ ಒಂದು ಗಳಿಗೆ ನಿಂತುಬಿಡುತ್ತದೆ.

ಇಷ್ಟೆಲ್ಲದರ ನಡುವೆ ನಿಮ್ಮ ಹೊಲಕ್ಕೆ ಮಾತ್ರ ಚಪ್ಪರವಿಲ್ಲ. ಪ್ರತಿ ವರ್ಷ ಊರಲ್ಲಿ ಚೀಟಿ ಎತ್ತುತ್ತಾರೆ. ಯಾರಿಗೆ ಬಯಲು ಚೀಟಿ ಬರುತ್ತದೋ ಅವಳು ನಿಮ್ಮ ಹೊಲದಲ್ಲಿ, ಅಲ್ಲೇ ಬೆಳೆದ ಬೀಜವನ್ನೇ ಬಿತ್ತಬೇಕು. ಕೊಯ್ಲಾಗಿ ಮುಂದಿನ ಬಿತ್ತನೆ ಬಂದಾಗ, ಅದರ ಹಿಂದಿನ ದಿನ, ನಿಮಗೊಂದು ಪತ್ರ ಬರೆಯಬೇಕು. ಹೋದ ವರ್ಷ ಅದು ನನಗೆ ಬಂತು. ನಾನು ಮುಖ ಊದಿಸಿಕೊಂಡೆ. ಹೊಲದಿಂದ ಬಂದಾಗಲೆಲ್ಲ ಗೆಳತಿಯರು ನನ್ನ ಕಂದಿದ ಮೂಗು ನೋಡಿ ನಗುತ್ತಿದ್ದರು.

ಮುಂಗಾರಿನ ಬಿರುಗಾಳಿ ಬಂದದ್ದು ಆಗಲೇ. ಎಲ್ಲಿ ನೋಡಿದರೂ ಚಪ್ಪರಗಳು ಬುಡಸಮೇತ ಕಿತ್ತುಹೋಗಿದ್ದವು. ಮತ್ತೆ ಕಟ್ಟಬಹುದು, ಆದರೆ ವರ್ಷಗಳು ಬೇಕು. ನಿಜವಾದ ಪೆಟ್ಟು ಆಮೇಲೆ ಬಿತ್ತು. ತಲೆತಲಾಂತರದಿಂದ ನಾವು ನೆರಳಿಗೆ ಒಗ್ಗುವ ಬೀಜವನ್ನೇ ಆರಿಸಿ ಇಡುತ್ತ ಬಂದಿದ್ದೆವು. ನಮ್ಮ ಸಜ್ಜೆಯ ಅಗಲವಾದ ಎಲೆ ನೋಡಿ ಬೀಗುತ್ತಿದ್ದೆವು. ಮಳೆ ಕೈಕೊಟ್ಟು ಬಿಸಿಲು ಬಿದ್ದಾಗ ಆ ಎಲೆಗಳು ಕರಕಲಾದವು. ಕಣ್ಣಿಗೆ ಕಾಣುವಷ್ಟು ದೂರ ಹಸಿರೆನ್ನುವುದು ಒಂದೇ ಹೊಲದಲ್ಲಿತ್ತು. ಗಿಡ್ಡ ಗಿಡ, ಸಪೂರ ಎಲೆ, ತೆನೆಯ ತುಂಬ ಕಾಳು. ನಾನು ಬದುವಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ದುಃಖಕ್ಕಲ್ಲ. ಹುಟ್ಟದೆ ಇದ್ದವರಿಗಾಗಿ ಒಬ್ಬಳು ಇಷ್ಟು ವರ್ಷ ಹಿಂದೆ ಬಿಸಿಲಲ್ಲಿ ನಿಂತಿದ್ದಳಲ್ಲ ಎಂದು.

ನಾಳೆಯ ಸಭೆಯಲ್ಲಿ ನೀವು ಏನೆಂದಿರೋ ಯಾರಿಗೂ ಖಚಿತವಿಲ್ಲ. ನನ್ನ ಅಜ್ಜಿ ಹೇಳುತ್ತಿದ್ದ ಪ್ರಕಾರ, ಹೆಸರು ತೆಗೆಸಲು ಎದ್ದು ನಿಂತವರು, "ನೆರಳು ಏನ ಕೊಟ್ಟೈತಿ ಅಂತ ತಿಳೀಬೇಕಂದ್ರ ಬಿಸಲಾಗ ಒಬ್ಬಾಕಿ ನಿಂದರಬೇಕಲ್ರೀ. ನಾನ ನಿಂದರತೀನಿ" ಎಂದು ಕೂತುಬಿಟ್ಟಿರಂತೆ. ಅಜ್ಜಿ ಸ್ವಲ್ಪ ಉಪ್ಪುಖಾರ ಹಚ್ಚಿರಬಹುದು. ನೀವು ಒಪ್ಪಿದ್ದೇ ಸುಳ್ಳಾಗಿದ್ದರೆ ಈ ಪತ್ರ ಬರೆಯಲು ನಾನಿರುತ್ತಿರಲಿಲ್ಲ, ಅದು ನನಗೂ ಗೊತ್ತು. ಆದರೂ ಬಯಲಿನಲ್ಲೇ ನಿಲ್ಲಿರೆಂದು ನಿಮ್ಮನ್ನು ಕೇಳುವುದು ನಮ್ಮ ಪದ್ಧತಿ. ಈ ವರ್ಷ ಅದು ಬರೀ ಪದ್ಧತಿಯಾಗಿ ಉಳಿದಿಲ್ಲ.

ಇದನ್ನು ಬರೆಯುತ್ತಿರುವಾಗ ನನ್ನ ಅಂಗಳದಲ್ಲಿ ಹೆಂಗಸರು ಸೇರಿದ್ದಾರೆ. ಎಲ್ಲೆಲ್ಲಿಂದಲೋ ನಡೆದು ಬಂದವರು. ನನ್ನ ಮೂಗು ನೋಡಿ ನಕ್ಕವರೂ ಇದ್ದಾರೆ. ಬಯಲಿನ ಬೀಜಕ್ಕೆ ಸೆರಗೊಡ್ಡಿ ನಿಂತಿದ್ದಾರೆ. ಮೊದಲ ಬೊಗಸೆ ನಿಮ್ಮ ಹೆಸರಿನಲ್ಲಿ ಎತ್ತಿಟ್ಟು ಉಳಿದದ್ದನ್ನು ಹಂಚುತ್ತೇನೆ.

ನಾಳೆ ನಾವೆಲ್ಲ ಬಿತ್ತುತ್ತೇವೆ, ಆಯಿ. ನೀವೂ ಬಿತ್ತಿರಿ.

ನಿಮ್ಮ ಹೊಲದಲ್ಲಿ ಒಂದು ವರ್ಷ ನಿಂತವಳು,
ಸೂಗವ್ವ