ಕಣಕ್ಕೆ ಬೀಗ, ಕಾಲಿಗೆ ಚಪ್ಪಲಿ

ಗಡಿ ತಾಲ್ಲೂಕುಗಳ ಅಭಿವೃದ್ಧಿಯ ಆದ್ಯತೆಗಳನ್ನು ಗೊತ್ತುಮಾಡುವ ಮಂಡಳಿಯ ಅಧ್ಯಕ್ಷರಿಗೆ

ಮಾನ್ಯರೇ,

ನಮ್ಮೂರಿನ ಕಣಕ್ಕೆ ತಾವು ಹಾಕಿಸಿರುವ ಬೀಗ ತೆಗೆಸಿಕೊಡಿ. ನನ್ನ ಅಹವಾಲು ಇಷ್ಟೇ. ಇದನ್ನು ಪಂಚಾಯಿತಿಯಲ್ಲಿ ಕೇಳಿದ್ದಾಯಿತು, ಹನೂರಿನ ತಾಲ್ಲೂಕು ಕಚೇರಿಯಲ್ಲಿ ಕೇಳಿದ್ದಾಯಿತು, ಕೊಳ್ಳೇಗಾಲದಲ್ಲಿ ತಮ್ಮ ಮಂಡಳಿಯ ಸಭೆ ನಡೆದ ದಿನ ಬಾಗಿಲಲ್ಲಿ ನಿಂತು ಕೇಳಿದ್ದೂ ಆಯಿತು. ಯಾರೂ ಬೈಯಲಿಲ್ಲ. ಎಲ್ಲರೂ ನಗುಮುಖದಿಂದ ‘ಮೇಲಿನವರ ಗಮನಕ್ಕೆ ತರುತ್ತೇವೆ’ ಎಂದರು. ಆ ಮೇಲಿನವರು ತಾವೇ ಎಂದು ವಿಚಾರಿಸಿ ತಿಳಿದುಕೊಂಡು, ಈಗ ನಾಲ್ಕು ಜನ ಓದುವ ಹಾಗೆ ತಮಗೆ ಬರೆಯುತ್ತಿದ್ದೇನೆ. ಹೊಲದಲ್ಲಿ ಹುರುಳಿ ಒಣಗಿ ನಿಂತಿದೆ. ಇನ್ನೂ ನಗುಮುಖ ನೋಡಿಕೊಂಡು ಕೂರಲು ನಮಗೆ ಪುರುಸೊತ್ತಿಲ್ಲ.

ನಾನು ಹೂಗ್ಯಂನಿಂದಾಚೆ ಕಾಡಂಚಿನ ಊರೊಂದರವನು. ಒಂದಿಷ್ಟು ಹೊಲವಿದೆ, ಒಂದು ಹಿಟ್ಟಿನ ಗಿರಣಿ ಇದೆ. ತಾವು ನಮ್ಮೂರಿಗೆ ಬಂದಿದ್ದೀರಿ, ಆಕಾಶಮಾರ್ಗವಾಗಿ. ತಾವು ಇಳಿದ ದಿಣ್ಣೆಯನ್ನು ನಾವು ಕಣ ಎನ್ನುತ್ತೇವೆ. ಮಾರ್ಟಳ್ಳಿ ಕಡೆ ಮನೆಯಲ್ಲಿ ತಮಿಳು ಆಡುವವರು ಕಳಂ ಎನ್ನುತ್ತಾರೆ. ತಮ್ಮ ಕಚೇರಿ ಹೆಲಿಪ್ಯಾಡ್ ಎನ್ನುತ್ತದೆ. ದಾಖಲೆಯಲ್ಲಿ ಅದು ಸರ್ಕಾರಿ ಖರಾಬು, ಒಪ್ಪುತ್ತೇನೆ. ಆದರೆ ನಮ್ಮ ತಾತಂದಿರ ಕಾಲದಿಂದ ಊರಿನ ರಾಗಿ, ಹುರುಳಿ, ಅವರೆ ಎಲ್ಲವೂ ಕಾಳಾಗಿ ಮನೆಗೆ ಬಂದದ್ದು ಆ ದಿಣ್ಣೆಯ ಮೇಲಿನಿಂದಲೇ. ಹೊಲದಲ್ಲೇ ಒಕ್ಕಬಾರದೇ ಎಂದು ತಮ್ಮ ಕಚೇರಿಯ ಒಬ್ಬರು ಕೇಳಿದರು. ಒಕ್ಕಬಹುದು. ಆದರೆ ಕಾಡಂಚಿನ ಹೊಲದಲ್ಲಿ ಕುಯ್ದು ಒಟ್ಟಿದ ಬೆಳೆಗೆ ಹಂದಿಯೂ ಆನೆಯೂ ನಮಗಿಂತ ಮೊದಲು ಹಾಜರಾಗುತ್ತವೆ. ಅವಕ್ಕೆ ತಮ್ಮ ಹಾಗೆ ಸಭೆ ಸಮಾರಂಭಗಳಿಲ್ಲ.

ಆ ಕಣಕ್ಕೆ ಕಾಂಕ್ರೀಟ್ ಹಾಕಿಸಿಕೊಡಿ ಎಂದು ವರ್ಷಗಟ್ಟಲೆ ಅರ್ಜಿ ಕೊಟ್ಟವರು ನಾವೇ. ಮಣ್ಣಿನ ಕಣವನ್ನು ಎಷ್ಟೇ ಸಗಣಿಯಿಂದ ಸಾರಿಸಿದರೂ ಬಿರುಕು ಬಿಡುತ್ತದೆ, ಕಾಳಿಗೆ ಕಲ್ಲು ಸೇರುತ್ತದೆ. ಆ ಕಲ್ಲೆಲ್ಲ ಕೊನೆಗೆ ಬರುವುದು ನನ್ನ ಗಿರಣಿಗೆ. ಆದ್ದರಿಂದ ಒಂದು ದಿನ ದಿಣ್ಣೆಯ ಬುಡಕ್ಕೆ ಜಲ್ಲಿ ಲಾರಿಗಳು ಬಂದು ನಿಂತಾಗ ನಮಗಾದ ಸಂತೋಷವನ್ನು ತಾವು ಊಹಿಸಿಕೊಳ್ಳಬಹುದು. ಇದು ಏನು ಕೆಲಸ ಎಂದು ನಾವು ಕೇಳಲಿಲ್ಲ. ಕೇಳಿದ್ದೇ ಕಣ್ಣೆದುರು ಬಂದು ನಿಂತಾಗ ಯಾರು ವಿಚಾರಣೆ ಮಾಡುತ್ತಾರೆ? ದುಂಡಗೆ ಹಾಕಿದರು. ಆಗಲೂ ಅನುಮಾನ ಬರಲಿಲ್ಲ, ಕಣ ದುಂಡಗೇ ಇರುತ್ತದೆ. ದನ ಕಟ್ಟುವ ಮೇಟಿ ಕಂಬಕ್ಕೆ ನಡುವೆ ಒಂದು ಗುಂಡಿ ಬಿಡಪ್ಪ ಎಂದು ನಮ್ಮವ್ವ ಚನ್ನಾಜಮ್ಮ ಮೇಸ್ತ್ರಿಗೆ ಹೇಳಿದಳು. ಅವನು ಒಂದು ಗಳಿಗೆ ಅವಳ ಮುಖ ನೋಡಿ, ಆಗಲಿ ಬುಡಮ್ಮ ಎಂದು ಕೆಲಸ ಮುಂದುವರಿಸಿದ. ನಮ್ಮ ಪಕ್ಕದ ಮನೆಯ ರಾಚಮ್ಮನವರು ಕಾಂಕ್ರೀಟ್ ಬಿರಿಯಬಾರದೆಂದು ದಿನವೂ ಸಂಜೆ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದರು. ಕೂಲಿ ಕೇಳಲಿಲ್ಲ. ತಮ್ಮ ಹೆಲಿಪ್ಯಾಡು ಇವತ್ತಿಗೂ ಒಂದು ಗೆರೆ ಸೀಳದೆ ನಿಂತಿರುವುದಕ್ಕೆ ಆ ಹೆಂಗಸಿನ ನೀರೂ ಕಾರಣ. ಈ ಹೆಸರನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಿಳಿ ಬಣ್ಣ ಬಳಿದ ದಿನ ವಿಷಯ ಗೊತ್ತಾಯಿತು. ಬೇಜಾರಾಯಿತು ಎಂದರೆ ಸುಳ್ಳಾಗುತ್ತದೆ. ದೊಡ್ಡವರು ಒಂದು ದಿನ ಇಳಿದು ಹೋಗುತ್ತಾರೆ, ಆಮೇಲೆ ಕಣ ನಮ್ಮದೇ ಎಂದುಕೊಂಡೆವು. ಸ್ವಾಗತದ ಕಮಾನು ಕಟ್ಟಿದವರಲ್ಲಿ ನಾನೂ ಒಬ್ಬ.

ತಾವು ಬಂದದ್ದು ಹೋದ ಸುಗ್ಗಿಯಲ್ಲಿ. ನಮ್ಮವ್ವ ಹುರುಳಿ ಒಕ್ಕಿ, ತೂರಲು ಗಾಳಿ ಇಲ್ಲದೆ, ಹೊಟ್ಟು ಕಾಳು ಕೂಡಿದ ರಾಶಿಯನ್ನು ಕಣದ ಮಗ್ಗುಲಲ್ಲೇ ಬಿಟ್ಟಿದ್ದಳು. ಪೊಲೀಸರು ಅದರ ಮೇಲೊಂದು ಟಾರ್ಪಾಲು ಹೊದಿಸಿದರು. ತಮ್ಮ ಹೆಲಿಕಾಪ್ಟರ್ ಇಳಿಯುತ್ತಿದ್ದಂತೆ ಟಾರ್ಪಾಲು ಹುಣಸೆಮರ ಸೇರಿತು, ಹೊಟ್ಟು ಊರು ಸೇರಿತು, ಕಾಳು ಬೇಲಿ ಸಾಲಿಗೆ ಚದುರಿತು. ಇವಳು ಎದೆ ಬಡಿದುಕೊಳ್ಳುತ್ತಾಳೆ ಎಂದು ನಾನು ಹೆದರಿದ್ದೆ. ಅವಳು ಸೆರಗಿನಿಂದ ಕಣ್ಣಿನ ಧೂಳು ಒರೆಸಿಕೊಂಡು, “ಇಂತಾ ಗಾಳಿ ತೂರೋ ದಿನ ಬರ್ನಿಲ್ವಲ್ಲ ಕಣ್ಲಾ” ಅಂದಳು, ಅಷ್ಟೇ.

ತಾವು ಇಳಿದಿರಿ. ನಾವು ಸಾಲಾಗಿ ನಿಂತಿದ್ದೆವು, ಎಲ್ಲರೂ ಬರಿಗಾಲಲ್ಲಿ. ಗಂಧದ ಹಾರ ಹಾಕಿಸಿಕೊಳ್ಳುತ್ತಾ ತಾವು ನಮ್ಮ ಪಾದಗಳನ್ನು ನೋಡಿದಿರಿ. ನೋಡಿ ತಮ್ಮ ಮುಖ ಬಾಡಿತು, ನಾನು ಹತ್ತಿರದಲ್ಲೇ ಇದ್ದೆ. ವೇದಿಕೆಯ ಮೇಲೆ ಗದ್ಗದ ಕಂಠದಿಂದ ಹೇಳಿದಿರಿ: ಸ್ವಾತಂತ್ರ್ಯ ಬಂದು ಇಷ್ಟು ವರ್ಷವಾದರೂ ಈ ಗಡಿಯ ಜನ ಕಾಲಿಗೆ ಚಪ್ಪಲಿ ಇಲ್ಲದೆ ನಿಂತಿದ್ದಾರೆ, ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕುಗಳಲ್ಲಿ ಇದು ನನ್ನ ಮೊದಲ ಆದ್ಯತೆ. ಜೊತೆಗೆ ಬಂದವರು ಚಪ್ಪಾಳೆ ತಟ್ಟಿದರು. ನಾವೂ ತಟ್ಟಿದೆವು, ಯಾಕೆ ಎಂದು ತಿಳಿಯದೆ.

ಮಾನ್ಯರೇ, ಕಣಕ್ಕೆ ಯಾರೂ ಚಪ್ಪಲಿ ಮೆಟ್ಟಿಕೊಂಡು ಹೋಗುವುದಿಲ್ಲ. ಅನ್ನ ರಾಶಿಯಾಗುವ ಜಾಗ ಅದು. ನಮ್ಮ ಚಪ್ಪಲಿಗಳೆಲ್ಲ ದಿಣ್ಣೆಯ ಅಂಚಿನಲ್ಲಿ, ಕಮಾನಿನ ಹಿಂದೆ ಸಾಲಾಗಿ ಇದ್ದವು. ತಾವು ಒಂದು ಸಲ ತಲೆ ತಿರುಗಿಸಿದ್ದರೆ ಕಾಣುತ್ತಿದ್ದವು. ಯಾರನ್ನಾದರೂ ‘ಯಾಕಪ್ಪ ಬರಿಗಾಲು?’ ಎಂದು ಕೇಳಿದ್ದರೆ ಅರ್ಧ ನಿಮಿಷದಲ್ಲಿ ಹೇಳುತ್ತಿದ್ದೆವು. ಆ ಇಡೀ ಕಣದ ಮೇಲೆ ಅವತ್ತು ಬೂಟು ಹಾಕಿಕೊಂಡಿದ್ದವರು ತಾವು, ತಮ್ಮ ಪರಿವಾರದವರು ಮಾತ್ರ. ನಮ್ಮ ಹಿರಿಯರು ಅದನ್ನೂ ನುಂಗಿಕೊಂಡರು, ಮನೆಗೆ ಬಂದ ನೆಂಟರಿಗೆ ಹೇಗೆ ಹೇಳುವುದು ಎಂದು.

ತಾವು ಹಾರಿಹೋದ ಮೇಲೆ ನಾವು ಒಕ್ಕುವ ರೋಣಗಲ್ಲು ಉರುಳಿಸಿಕೊಂಡು ಕಣಕ್ಕೆ ಹೋದೆವು. ಆಗಲೇ ತಂತಿಬೇಲಿ ಬಂದಿತ್ತು, ಗೇಟು ಬಂದಿತ್ತು, ಗೇಟಿಗೆ ಬೀಗ ಬಂದಿತ್ತು. ‘ಸರ್ಕಾರಿ ಆಸ್ತಿ, ಅತಿಕ್ರಮ ಪ್ರವೇಶ ಮಾಡಿದವರ ಮೇಲೆ ಕ್ರಮ ಜರುಗಿಸಲಾಗುವುದು’ ಎಂಬ ಬೋರ್ಡೂ ಬಂದಿತ್ತು. ನಮ್ಮ ಭಾಗದಲ್ಲಿ ಸರ್ಕಾರಿ ಕೆಲಸ ಇಷ್ಟು ಚುರುಕಾಗಿ ನಡೆದದ್ದನ್ನು ನಾನು ಅದೊಂದೇ ಸಲ ಕಂಡಿದ್ದೇನೆ. ಕೇಳಿದರೆ, ಪ್ರದೇಶದ ಆರ್ಥಿಕ ಬೆಳವಣಿಗೆಗೆ ಹೂಡಿಕೆದಾರರು ಬರುವವರಿದ್ದಾರೆ, ಹೆಲಿಪ್ಯಾಡ್ ಸದಾ ಸನ್ನದ್ಧವಾಗಿರಬೇಕು ಎಂಬ ಉತ್ತರ. ಬರಲಿ, ನಾವೇನು ಬೇಡ ಎನ್ನುತ್ತೇವೆಯೇ? ಆದರೆ ಅವತ್ತಿನಿಂದ ಇವತ್ತಿನವರೆಗೆ ಆ ಕಾಂಕ್ರೀಟಿನ ಮೇಲೆ ಇಳಿದವು ಎಂದರೆ ಕಾಗೆ, ಗೊರವಂಕ, ಬೇಲಿ ಸಂದಿಯಲ್ಲಿ ನುಸುಳುವ ನಮ್ಮೂರಿನ ಮಾದುವಿನ ಮೇಕೆಗಳು. ಬೆಳೆದದ್ದನ್ನು ಒಕ್ಕಲು ಜಾಗ ಕಿತ್ತುಕೊಂಡು ಬೆಳವಣಿಗೆಗೆ ಜಾಗ ಕಾದಿರಿಸುವುದು ಯಾವ ಲೆಕ್ಕದ ಅರ್ಥಶಾಸ್ತ್ರ? ಹುರುಳಿ ಬೆಳೆದವನದು ಆರ್ಥಿಕತೆ ಅಲ್ಲವೇ?

ಆ ಸುಗ್ಗಿಯಲ್ಲಿ ಬೇರೆ ದಾರಿ ಇಲ್ಲದೆ ಊರೆಲ್ಲ ಟಾರು ರಸ್ತೆಗೆ ಇಳಿಯಿತು. ಕುಯ್ದ ಹುರುಳಿಯನ್ನು ರಸ್ತೆಗೆ ಹರಡುವುದು, ಬಸ್ಸು ಲಾರಿಗಳ ಚಕ್ರ ಹಾಯ್ದು ಕಾಳು ಬಿಡುವುದು. ಕೊಳ್ಳೇಗಾಲದ ಆಚೆಗೂ ಯಳಂದೂರಿನ ಕಡೆಗೂ ಇದು ಇದ್ದದ್ದೇ, ತಮ್ಮ ಕಾರಿನ ಕಿಟಕಿಯಿಂದ ತಾವೂ ನೋಡಿರುತ್ತೀರಿ. ಅದು ತಪ್ಪು. ನಾನೇ ಹೇಳುತ್ತೇನೆ, ತಪ್ಪು. ಕಾಳಿಗೆ ಟಾರು ಹತ್ತುತ್ತದೆ, ದ್ವಿಚಕ್ರ ವಾಹನದವರ ಪ್ರಾಣಕ್ಕೆ ಕುತ್ತು. ತಿರುವಿನಲ್ಲಿ ರಾಚಮ್ಮನವರು ಹರಡಿದ್ದ ಹುರುಳಿಯ ಮೇಲೆ ನಾಗಶ್ರೀಯ ಸ್ಕೂಟರ್ ಜಾರಿತು.

ನಾಗಶ್ರೀ ನಮ್ಮೂರಿನ ಆಶಾ ಕಾರ್ಯಕರ್ತೆ. ತಾವು ಹೇಳುವ ಸಾಮಾಜಿಕ ಅಭಿವೃದ್ಧಿ ಎಂಬುದು ನಮ್ಮ ಕಡೆಯ ಹಾಡಿ, ದೊಡ್ಡಿ ಎಂಬ ಕಾಡಂಚಿನ ಸಣ್ಣ ಊರುಗಳಿಗೆ ಬರುವುದೇ ಆಕೆಯ ಸ್ಕೂಟರಿನಲ್ಲಿ. ಅವತ್ತು ಒಬ್ಬ ಬಾಣಂತಿಯ ಮನೆಗೆ ಹೊರಟಿದ್ದಳು. ಮೊಣಕಾಲ ಕೆಳಗೆ ಮೂಳೆ ಎರಡಾಯಿತು. ರಾಚಮ್ಮನವರು ಕುಡುಗೋಲು ಬಿಸಾಕಿ ಓಡಿ ಬಂದು ಆ ಹುಡುಗಿಯ ತಲೆ ತೊಡೆಯ ಮೇಲಿಟ್ಟುಕೊಂಡು ಕೂತರು. ನನ್ನ ಗೂಡ್ಸ್ ಆಟೋದಲ್ಲಿ ಇಬ್ಬರನ್ನೂ ಕೊಳ್ಳೇಗಾಲದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅಳುತ್ತಿದ್ದವರು ರಾಚಮ್ಮನವರು, ಸಮಾಧಾನ ಹೇಳುತ್ತಿದ್ದವಳು ನಾಗಶ್ರೀ.

ದೂರು ಕೊಡುವುದಿಲ್ಲ ಎಂದು ನಾಗಶ್ರೀ ಹೇಳಿದರೂ, ಸಾರ್ವಜನಿಕ ರಸ್ತೆಗೆ ಅಡ್ಡಿ, ನಿರ್ಲಕ್ಷ್ಯ ಎಂದು ಪೊಲೀಸರು ತಾವಾಗಿಯೇ ರಾಚಮ್ಮನವರ ಮೇಲೆ ಕೇಸು ಹಾಕಿದರು. ಹೇಳಿಕೆ ಪಡೆಯಲು ಆಸ್ಪತ್ರೆಗೆ ಬಂದವರಿಗೆ ಆ ಹುಡುಗಿ ಹಾಸಿಗೆಯಿಂದಲೇ ಹೇಳಿದ ಮಾತನ್ನು ನಾನು ಇರುವ ಹಾಗೇ ಬರೆಯುತ್ತೇನೆ: “ನಾನು ಬಿದ್ದುದ್ದು ರಾಚಮ್ಮಕ್ಕನ್ ಉರುಳಿ ಮ್ಯಾಲೆ ಅಂತ ಬರ್ಕಳಿ ಸಾ, ಬ್ಯಾಡ ಅನ್ನಲ್ಲ. ಆ ಉರುಳಿ ರೋಡಿಗ್ಯಾಕ್ ಬಂತು ಅನ್ನದ್ನೂ ಬರ್ಕಳಿ.” ಅದು ಪೊಲೀಸರ ವ್ಯಾಪ್ತಿಗೆ ಬರುವುದಿಲ್ಲ ಎಂದು ಅವರು ಎದ್ದು ಹೋದರು. ಹಾಗಾದರೆ ಯಾರ ವ್ಯಾಪ್ತಿಗೆ ಬರುತ್ತದೆ, ಮಾನ್ಯರೇ? ನಾನು ಹುಡುಕಿಕೊಂಡು ಬಂದು ತಮ್ಮ ಬಾಗಿಲಲ್ಲಿ ನಿಂತಿದ್ದೇನೆ.

ಆಮೇಲೆ ತಮ್ಮ ಮೊದಲ ಆದ್ಯತೆ ಜಾರಿಗೆ ಬಂತು. ಲಾರಿಯಲ್ಲಿ ಚಪ್ಪಲಿ ಬಂದವು. ಬೇಲಿಯಾಚೆ ಬೀಗ ಹಾಕಿದ ಕಣ, ಈಚೆ ಶಾಮಿಯಾನ. ನಮ್ಮನ್ನು ಸಾಲಾಗಿ ನಿಲ್ಲಿಸಿ, ಹಾಕಿಕೊಂಡು ಬಂದಿದ್ದ ಚಪ್ಪಲಿ ಬಿಡಿಸಿ, ಹೊಸ ಚಪ್ಪಲಿ ತೊಡಿಸಿ ಫೋಟೋ ತೆಗೆದರು. ಎಲ್ಲವೂ ಒಂಬತ್ತನೇ ನಂಬರು. ನಮ್ಮವ್ವನ ಎರಡು ಪಾದವೂ ಒಂದೇ ಚಪ್ಪಲಿಯಲ್ಲಿ ಹಿಡಿಯುತ್ತವೆ. ನಾಗಶ್ರೀಯ ಮನೆಗೂ ಒಂದು ಜೊತೆ ತಲುಪಿಸಿದರು, ಆಗ ಆಕೆಯ ಒಂದು ಕಾಲು ಪ್ಲಾಸ್ಟರಿನ ಕಟ್ಟಿನಲ್ಲಿತ್ತು. ‘ಬರಿಗಾಲು ಮುಕ್ತ ಗಡಿ’ ಎಂದು ತಮ್ಮ ವಾರ್ಷಿಕ ವರದಿಯ ಮುಖಪುಟದಲ್ಲಿ ಬಂದಿರುವ ಚಿತ್ರ ಅದೇ. ಎಡದಿಂದ ಮೂರನೆಯವರು ರಾಚಮ್ಮನವರು. ಆ ಚಪ್ಪಲಿಯನ್ನೇ ಹಾಕಿಕೊಂಡು ಅವರು ಈಗ ವಾಯಿದೆಗೆ ಕೊಳ್ಳೇಗಾಲದ ಕೋರ್ಟಿಗೆ ಹೋಗಿ ಬರುತ್ತಿದ್ದಾರೆ. ಕೊಳ್ಳೇಗಾಲದಲ್ಲಿ ಸಂತೆ ಬಿಟ್ಟರೆ ಬೇರೇನೂ ಕಂಡಿರದ ಹೆಂಗಸು, ಕಟಕಟೆಯಲ್ಲಿ ಕೈಮುಗಿದು ನಿಲ್ಲುತ್ತಾರೆ.

ಈಗ ಮತ್ತೆ ಸುಗ್ಗಿ. ಹುರುಳಿ ಒಣಗಿದ ಮೇಲೆ ಕಾಯುವುದಿಲ್ಲ, ಬಿಸಿಲು ಏರಿದರೆ ಕಾಯಿ ಸಿಡಿದು ಕಾಳು ನೆಲಕ್ಕೆ ಉದುರುತ್ತದೆ. ಊರಿನವರೆಲ್ಲ ಕುಯ್ಲಿಗೆ ಆಳು ಹುಡುಕುತ್ತಿದ್ದಾರೆ. ರಾಚಮ್ಮನವರು ಮಾತ್ರ ಕುಡುಗೋಲು ಮುಟ್ಟಿಲ್ಲ. ಮೊನ್ನೆ ನಾನು ಹೋಗಿ ಕೇಳಿದೆ. ಜಗುಲಿಯ ಮೇಲೆ ಕೂತಿದ್ದವರು ತಲೆ ಎತ್ತದೆ ಹೇಳಿದರು: “ಈ ಸಲ ಕುಯ್ಯಕಿಲ್ಲ ಕಣಪ್ಪ. ಒಲ್ದಲ್ಲೇ ಉದ್ರೋಗ್ಲಿ. ಕುಯ್ದ್ ಮ್ಯಾಲೆ ಎಲ್ಲಿಗ್ ತಕಂಡೋಗ್ಲಿ? ಇನ್ನೊಬ್ರ ಮಕ್ಳ ಕಾಲ್ ಮುರೀಲಾ?”

ನನಗೆ ಅಲ್ಲಿ ಕೂರಲಾಗಲಿಲ್ಲ. ತಾನು ಬೆಳೆದದ್ದನ್ನು ತಾನೇ ಹೊಲದಲ್ಲಿ ಬಿಡುತ್ತೇನೆ ಎಂದು ಒಬ್ಬ ಒಕ್ಕಲು ಹೆಂಗಸು ಹೇಳುವುದನ್ನು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ. ಆನೆ ತುಳಿದ ವರ್ಷವೂ ಆಕೆ ಉಳಿದದ್ದನ್ನು ಆರಿಸಿಕೊಂಡು ಬಂದವರು. ನನಗೆ ಸಿಟ್ಟು ಬಂದಿದೆ, ಮಾನ್ಯರೇ. ಈ ಪತ್ರದಲ್ಲಿ ವಿನಯ ಕಡಿಮೆಯಾಗಿದ್ದರೆ ಅದು ಕೈತಪ್ಪಿನಿಂದ ಆದದ್ದಲ್ಲ.

ಬರುವ ಸೋಮವಾರದವರೆಗೆ ಕಾಯುತ್ತೇವೆ. ಅದು ಮಾದಪ್ಪನ ವಾರ, ಅವತ್ತು ನಾವು ಯಾರೊಂದಿಗೂ ಜಗಳಕ್ಕೆ ನಿಲ್ಲುವುದಿಲ್ಲ. ಅಷ್ಟರಲ್ಲಿ ಗೇಟಿನ ಬೀಗ ತೆಗೆಸಿ, ಆ ಜಾಗವನ್ನು ಊರಿನ ಕಣವೆಂದು ಬರೆಸಿಕೊಡಿ, ರಾಚಮ್ಮನವರ ಮೇಲಿನ ಕೇಸು ಹಿಂತೆಗೆಯಲು ತಾವೇ ಸರ್ಕಾರಕ್ಕೆ ಶಿಫಾರಸು ಮಾಡಿ. ಮಂಗಳವಾರ ನಮ್ಮಲ್ಲಿ ಕುಯ್ಲು ಶುರು ಮಾಡುವುದಿಲ್ಲ. ಬುಧವಾರ ಬೆಳಿಗ್ಗೆ ಊರೆಲ್ಲ ಸೇರಿ ಮೊದಲು ರಾಚಮ್ಮನವರ ಹುರುಳಿ ಕುಯ್ಯುತ್ತೇವೆ, ಅವರು ಬೇಡವೆಂದರೂ ಕುಯ್ಯುತ್ತೇವೆ. ಹೊರೆ ಹೊತ್ತುಕೊಂಡು ನೇರ ಕಣಕ್ಕೆ ಬರುತ್ತೇವೆ. ನಾಗಶ್ರೀ ಊರುಗೋಲು ಹಿಡಿದು ಮುಂದೆ ನಡೆಯುತ್ತೇನೆ ಎಂದಿದ್ದಾಳೆ. ಬೀಗ ಇದ್ದರೆ ಒಡೆಯುವವನು ನಾನು. ನನ್ನ ಗಿರಣಿಯಲ್ಲಿ ಸುತ್ತಿಗೆ ಇದೆ. ಈ ಸಲದ ಕೇಸು ಸರಿಯಾದ ಹೆಸರಿಗೆ ಹಾಕಿಸಿ.

ನಾವು ಒಕ್ಕುತ್ತಿರುವಾಗ ತಮ್ಮ ಹೂಡಿಕೆದಾರರು ಬಂದರೆ ಅಡ್ಡಿಯಿಲ್ಲ. ಮೇಲೆ ಸದ್ದು ಕೇಳಿದೊಡನೆ ರಾಶಿ ಒಂದು ಕಡೆಗೆ ಎಳೆದು ಜಾಗ ಬಿಡುತ್ತೇವೆ, ರಸ್ತೆಯಲ್ಲಿ ಆಂಬುಲೆನ್ಸಿಗೆ ಬಿಟ್ಟ ಹಾಗೆ. ತಾವೇ ಬರುವುದಾದರೆ ಗಾಳಿ ಇಲ್ಲದ ದಿನ ನೋಡಿ ಬನ್ನಿ, ನಮ್ಮವ್ವನಿಗೆ ತೂರಲು ಅನುಕೂಲವಾಗುತ್ತದೆ. ಬೂಟುಗಳನ್ನು ಮಾತ್ರ ಬಿಚ್ಚಿ ಕೈಯಲ್ಲಿ ಹಿಡಿದು ಇಳಿಯಿರಿ, ಅಂಚಿನಲ್ಲಿ ಇಡಿ, ನಮ್ಮ ಚಪ್ಪಲಿಗಳ ಪಕ್ಕದಲ್ಲಿ.

ಇಂತಿ,
ತಮ್ಮ ಸ್ವಾಗತದ ಕಮಾನು ಕಟ್ಟಿದವನು, ತಾವು ಕೊಟ್ಟ ಒಂಬತ್ತನೇ ನಂಬರಿನ ಚಪ್ಪಲಿಯ ಯಜಮಾನ,
ಪ್ರಭುಸ್ವಾಮಿ
ಹಿಟ್ಟಿನ ಗಿರಣಿ, ಬೀಗ ಹಾಕಿದ ಕಣದ ಎದುರು