ಗದಿಗೆವ್ವನಿಗೆ ಒಂದು ನಿಮಿಷದ ಮೌನ

ಕಾಲೇಜು ಹಾಸ್ಟೆಲ್, ಗದಗ
ಗುರುವಾರ, ೮ ಜನವರಿ ೧೯೮೧

ನನ್ನ ಪ್ರೀತಿಯ ಆಯಿ,

ನಿನ್ನ ಮೊಮ್ಮಗ ಇಲ್ಲಿಂದಲೇ ನಿನ್ನ ಕಾಲು ಮುಟ್ಟಿ ಬರೆಯುತ್ತಿದ್ದಾನೆ. ಈ ಚಳಿಗೆ ನಿನ್ನ ಸೊಂಟ ಮತ್ತೆ ಹಿಡಿದುಕೊಂಡಿತೋ ಹೇಗೆ? ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದೇ ಹೋಗು. ಬಲಗಣ್ಣಂತೂ ಪೂರ್ತಿ ಬೆಳ್ಳಗಾಗಿದೆ, ಎಡಗಣ್ಣಿನಲ್ಲಿ ಇನ್ನೂ ಸ್ವಲ್ಪ ಬೆಳಕು ಕಾಣುತ್ತದೆಯೇ? ಕಂಬಕ್ಕೆ "ಬಾರವ್ವಾ, ಕುಂಡ್ರು" ಅಂದೆಯಂತೆ, ಸಂಗಪ್ಪ ಕಾಕಾ ನಗುತ್ತ ಬರೆದಿದ್ದ. ನನಗೆ ನಗು ಬರಲಿಲ್ಲ. ನಾನು ಚೆನ್ನಾಗಿದ್ದೇನೆ, ಅಂದರೆ ಮೈಯಿಂದ ಚೆನ್ನಾಗಿದ್ದೇನೆ. ಹಾಸ್ಟೆಲಿನ ಸಾರು ಹಾಗೇ ಇದೆ, ತಳ ಕಾಣುತ್ತದೆ.

ಖೈರುನಬಿ ಚಾಚಿ, ಸಲಾಮ್. ಈ ಸಲ ಪತ್ರವನ್ನು ನಿಮ್ಮ ಹೆಸರಿಗೇ ಕಳಿಸುತ್ತಿದ್ದೇನೆ, ಬೇಜಾರಾಗಬೇಡಿ. ಕಾಕಾ ಆಯಿಗೆ ಓದಿ ಹೇಳುವಾಗ ಅರ್ಧ ನುಂಗುತ್ತಾನೆ. ಈ ಪತ್ರ ಅವನ ಕೈಗೆ ಸಿಕ್ಕರೆ ಅರ್ಧ ನುಂಗಿ ಇನ್ನರ್ಧಕ್ಕೆ ಚಪ್ಪಲಿ ಹಿಡಿದು ಗದಗಿನ ಬಸ್ಸು ಹತ್ತುತ್ತಾನೆ. ಹೊಲಿಗೆ ಮಷೀನು ನಿಲ್ಲಿಸಿ, ಆಯಿಯನ್ನು ನಿಮ್ಮ ಮನೆಗೇ ಕರೆದು ಬಾಗಿಲು ಸ್ವಲ್ಪ ಮುಂದೆ ಮಾಡಿ ಓದಿರಿ. ಒಂದಕ್ಷರವನ್ನೂ ಬಿಡಬೇಡಿ. ಬಿಡಬೇಕೆಂದು ನಿಮಗೇ ಅನ್ನಿಸುತ್ತದೆ, ಆದರೂ ಬಿಡಬೇಡಿ.

ಆಯಿ, ಇಲ್ಲಿಯ ಸೇವಾ ಕ್ಲಬ್ಬಿನ ಬಗ್ಗೆ ದೀಪಾವಳಿಗೆ ಬಂದಾಗ ಹೇಳಿದ್ದೆನಲ್ಲ. ಮಂಗಳವಾರಕ್ಕೊಮ್ಮೆ ಸಂಜೆ ಆರಕ್ಕೆ, ಸ್ಟೇಷನ್ ರಸ್ತೆಯ ಒಂದು ಮಹಡಿಯಲ್ಲಿ ಊರಿನ ಡಾಕ್ಟರು, ವಕೀಲರು, ಹತ್ತಿ ದಲಾಲರು, ಅಂಗಡಿಯವರು ಐವತ್ತು ಜನ ಸೇರುತ್ತಾರೆ. ಅಧ್ಯಕ್ಷರು ಹಿತ್ತಾಳೆಯ ಗಂಟೆ ಬಾರಿಸಿದರೆ ಮೀಟಿಂಗು ಶುರು. ಪ್ರಾರ್ಥನೆ, ಹಿಂದಿನ ವಾರದ ವರದಿ, ಯಾರದಾದರೂ ಹುಟ್ಟುಹಬ್ಬವಿದ್ದರೆ ಚಪ್ಪಾಳೆ, ಆಮೇಲೆ ಚಹಾ, ಖಾರಾ ಮಂಡಕ್ಕಿ, ಮಿರ್ಚಿ. ಚಹಾದ ಹೊತ್ತಿಗೆ ಯಾರೂ ಹೋದ ವಾರ ಕೂತವರ ಪಕ್ಕದಲ್ಲೇ ಕೂಡುವಂತಿಲ್ಲ, ಹೊಸಬರ ಪಕ್ಕ ಕೂತು ಮಾತಾಡಬೇಕು, ಅದೇ ಅಲ್ಲಿಯ ಫೆಲೋಶಿಪ್ಪು. ನಾವು ಏಳು ಜನ ಕಾಲೇಜು ಹುಡುಗರು ಯುವ ಶಾಖೆಯವರು, ಹಿಂದಿನ ಸಾಲಿನಲ್ಲಿ ಕೂಡುತ್ತೇವೆ. ಕಾರಣವಿಲ್ಲದೆ ಸತತ ನಾಲ್ಕು ವಾರ ತಪ್ಪಿಸಿದರೆ ಹೆಸರು ಹೋಯಿತು, ಅವರಿಗೂ ಅದೇ ನಿಯಮ, ನಮಗೂ ಅದೇ.

ನಾನು ಮೂರು ವಾರ ತಪ್ಪಿಸಿದೆ. ಜಡ್ಡಲ್ಲ, ಪರೀಕ್ಷೆಯಲ್ಲ, ಬರೀ ಅಂಜಿಕೆ. ಅಲ್ಲಿ ಪ್ರತಿಯೊಬ್ಬ ಹೊಸ ಹುಡುಗ ಎದ್ದು ನಿಂತು ಎರಡು ನಿಮಿಷ ತನ್ನ ಮನೆಯವರ ಬಗ್ಗೆ ಮಾತಾಡಬೇಕು, ಅದೂ ಕನ್ನಡದಲ್ಲೇ ಆಗಬೇಕು. ಡಿಸೆಂಬರ್ ಹದಿನಾರಕ್ಕೆ ನನ್ನ ಪಾಳಿ ಎಂದು ಹೇಳಿಬಿಟ್ಟರು. ಹತ್ತನೇ ವರ್ಷದಿಂದ ಹುಬ್ಬಳ್ಳಿ ಹಾಸ್ಟೆಲಿನಲ್ಲಿ ಇಂಗ್ಲಿಷ್ ನುಂಗಿ ಬೆಳೆದವನು ನಾನು. ಇಂಗ್ಲಿಷ್ ಮಾತಾಡಿದರೆ ನಮ್ಮೂರು ಯಳವತ್ತಿಯ ಮಣ್ಣು ಉದುರುತ್ತದೆ, ಕನ್ನಡ ಮಾತಾಡಿದರೆ ಪಠ್ಯಪುಸ್ತಕ ಬಾಯಿ ತೆರೆದ ಹಾಗಿರುತ್ತದೆ. ಮೂರು ಮಂಗಳವಾರವೂ ರೂಮಿನಲ್ಲಿ ಕದ ಹಾಕಿಕೊಂಡು ಕೂತೆ.

ಹೋದ ಶುಕ್ರವಾರ ಕ್ಲಬ್ಬಿನ ಕಾರ್ಯದರ್ಶಿ ಮುರ್ತುಜಾ ಸಾಹೇಬರು ಕಾಲೇಜಿನ ಗೇಟಿನ ಮುಂದೆ ಸ್ಕೂಟರು ನಿಲ್ಲಿಸಿದರು. ಅವರದು ಪ್ರಿಂಟಿಂಗ್ ಪ್ರೆಸ್ಸು, ದನಿಯೂ ಮಷೀನಿನಷ್ಟೇ ದೊಡ್ಡದು. "ಏನಲೇ ತಮ್ಮಾ, ಮೂರು ಮಂಗಳವಾರ ಆತು, ನಿನ್ನ ಮಾರಿ ಕಂಡಿಲ್ಲ. ಕ್ಲಬ್ ಬಿಟ್ಟಿಯೋ, ಊರ ಬಿಟ್ಟಿಯೋ?" ಸುತ್ತ ಹುಡುಗರು ನಿಂತಿದ್ದರು. ನನ್ನ ಬಾಯಿ ತಾನೇ ತೆರೆಯಿತು ಆಯಿ. ನಾನು ಹೇಳಬೇಕೆಂದು ಹೇಳಲಿಲ್ಲ. ಅಲ್ಲ, ಅದೂ ಸುಳ್ಳು, ನಾನೇ ಹೇಳಿದೆ.

ಚಾಚಿ, ಆಯಿಯ ಕೈ ಹಿಡಿದುಕೊಂಡು ಓದಿರಿ.

"ನಮ್ಮ ಆಯಿ ತೀರಿಕೊಂಡಳ್ರಿ" ಎಂದೆ.

ಅವರ ಮುಖ ಒಮ್ಮೆಲೇ ಇಳಿದುಹೋಯಿತು. ಸ್ಕೂಟರಿನಿಂದ ಇಳಿದು ನನ್ನ ಹೆಗಲ ಮೇಲೆ ಕೈ ಇಟ್ಟು, "ಮೊದಲ ಹೇಳಬಾರದೇನೋ ಹುಚ್ಚಾ, ಮಣ್ಣಿಗಾದರೂ ಬರ್ತಿದ್ವಿ" ಎಂದರು. ಅಲ್ಲೇ ಕಾಲು ಹಿಡಿದು ಸುಳ್ಳೆಂದು ಹೇಳಬಹುದಿತ್ತು. ನಾನು ತಲೆ ಕೆಳಗೆ ಹಾಕಿದೆ. ದುಃಖಕ್ಕೆ ಹಾಕಿದ್ದಾನೆ ಎಂದುಕೊಂಡರು.

ಮೊನ್ನೆ ಮಂಗಳವಾರ ಮೀಟಿಂಗಿಗೆ ಹೋದೆ. ಗಂಟೆ ಬಾರಿಸಿದ ಕೂಡಲೇ ಅಧ್ಯಕ್ಷರು ಎದ್ದು, ನಮ್ಮ ಯುವ ಶಾಖೆಯ ಹುಡುಗನ ಅಜ್ಜಿ, ಯಳವತ್ತಿಯ ಶ್ರೀಮತಿ ಗದಿಗೆವ್ವನವರ ಆತ್ಮಕ್ಕೆ ಶಾಂತಿ ಕೋರಿ ಒಂದು ನಿಮಿಷ ಮೌನ ಎಂದರು. ಐವತ್ತು ಜನ ಎದ್ದು ನಿಂತರು. ಮಂಡಿ ಕೀಲು ಸವೆದ ಮುರ್ತುಜಾ ಸಾಹೇಬರೂ ಮುಂದಿನ ಕುರ್ಚಿಯ ಬೆನ್ನು ಹಿಡಿದು ನಿಂತರು. ನೀನು ಆ ಹೊತ್ತಿಗೆ ಯಳವತ್ತಿಯಲ್ಲಿ ಏನು ಮಾಡುತ್ತಿದ್ದೆ? ಕೈಬೆರಳಿನಿಂದಲೇ ಜೋಳದೊಳಗಿನ ಹರಳು ಆರಿಸುತ್ತ ಕೂತಿರುತ್ತೀ. ಇಲ್ಲಿ ಇವರು ನಿನಗೆ ಶಾಂತಿ ಕೋರುತ್ತಿದ್ದರು. ಒಂದು ನಿಮಿಷ ಅಷ್ಟು ಉದ್ದ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಅಧ್ಯಕ್ಷರು, ನಿನಗೆ ಸಾಧ್ಯವಾದರೆ ಅವರ ಬಗ್ಗೆ ಎರಡು ಮಾತಾಡು ಎಂದರು. ನಾನು ಮೂರು ವಾರ ಯಾವುದಕ್ಕೆ ಹೆದರಿ ಅಡಗಿದ್ದೆನೋ ಅದೇ. ಎದ್ದೆ. ಹುಬ್ಬಳ್ಳಿ ಹಾಸ್ಟೆಲಿಗೆ ನನ್ನನ್ನು ಬಿಡಲು ಬಂದಾಗ ಫಾರ್ಮು ತುಂಬುವ ಗುಮಾಸ್ತ ನನ್ನ ಹೆಸರು ಕೇಳಿದರೆ ನೀನು ಬಾಯಿ ಬಿಡಲಿಲ್ಲ, ಗೊತ್ತಲ್ಲ, ನನಗಿಟ್ಟದ್ದು ಅಜ್ಜನ ಹೆಸರು, ಗಂಡನ ಹೆಸರನ್ನು ಹೇಗೆ ಬಾಯಿಬಿಟ್ಟು ಹೇಳಲಿ ಎಂದು ನಾಚಿ "ಕೂಸಂತ ಬರ್ಕೊಳ್ರಿ" ಎಂದೆ, ಅಲ್ಲಿಂದ ಶುರು ಮಾಡಿದೆ. ಎಲ್ಲರೂ ನಕ್ಕರು. ಆಮೇಲೆ ನೀನು ವಾರ್ಡನ್ ಸಾಹೇಬರ ಕೈ ಹಿಡಿದು "ಇವ ನಿದ್ದಿಗಣ್ಣಾಗ ಹೊದಿಕಿ ಒದೀತಾನ್ರಿ, ಎದ್ದ ಯಾರರೆ ಹೊಚ್ಚರಿ" ಎಂದದ್ದು ಹೇಳಿದೆ. ನಗು ನಿಂತಿತು. ಏಳು ನಿಮಿಷ ಮಾತಾಡಿದೆನಂತೆ. ತಡವರಿಸಲಿಲ್ಲ, ಪುಸ್ತಕದ ಕನ್ನಡ ಬರಲಿಲ್ಲ, ನಿನ್ನ ಮಾತು ನಿನ್ನ ಹಾಗೇ ಬಂತು. ಹೇಳಿದ್ದೆಲ್ಲ ಖರೆ, ಒಂದನ್ನು ಬಿಟ್ಟು.

ಕೂತಾಗ ಹತ್ತಿ ದಲಾಲ ಕೊಟ್ರಪ್ಪನವರು, ಅಷ್ಟು ದೊಡ್ಡ ಮನುಷ್ಯರು, ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಂದು ನನ್ನ ಪಕ್ಕದಲ್ಲಿ ಕೂತರು. "ನಮ್ಮವ್ವ ಹೋಗಿ ಇಪ್ಪತ್ತ ವರ್ಷ ಆತು ತಮ್ಮಾ. ಇವತ್ತ ನಿನ್ನ ಬಾಯಾಗ ಆಕಿನ್ನ ನೋಡಿದೆ" ಎಂದರು. ತಮ್ಮ ಪಾಲಿನ ಮಿರ್ಚಿಯನ್ನೂ ನನ್ನ ತಟ್ಟೆಗೆ ಹಾಕಿದರು. ನಾನು ತಿಂದೆ. ನಿನ್ನಿಂದ ಮುಚ್ಚಿಡಬಾರದೆಂದು ಕೂತಿದ್ದೇನೆ, ಅದಕ್ಕೇ ಇದನ್ನೂ ಬರೆಯುತ್ತೇನೆ: ಆ ಏಳು ನಿಮಿಷ ನನಗೆ ಹಿತವಾಗಿತ್ತು. ಅಷ್ಟು ಜನ ನನ್ನ ಮಾತು ಕೇಳುತ್ತಿದ್ದಾರಲ್ಲ ಎಂದು ಒಳಗೇ ಉಬ್ಬಿದೆ. ಸುಳ್ಳು ಹೇಳಿದ್ದಕ್ಕಿಂತ ಇದೇ ನನ್ನನ್ನು ಹೆಚ್ಚು ತಿನ್ನುತ್ತಿದೆ.

ಇನ್ನು ಹೇಳಬೇಕಾದದ್ದು. ಜನವರಿ ಹದಿನೆಂಟಕ್ಕೆ ಗದಗಿನಲ್ಲಿ ನಿನ್ನ ಪೊರೆ ತೆಗೆಯಬೇಕಿದ್ದ ಕಣ್ಣಿನ ಕ್ಯಾಂಪು ಈ ಕ್ಲಬ್ಬಿನದೇ. ಡಿಸೆಂಬರ್ ಮೊದಲ ವಾರ ಲಕ್ಷ್ಮೇಶ್ವರದಲ್ಲಿ ತಪಾಸಣೆಯಾದಾಗ ಮೇಜಿನ ಹಿಂದೆ ಕೂತು ಹೆಸರು ಬರೆದುಕೊಂಡವನು ನಾನೇ ಅಲ್ಲವೇ? ನಲವತ್ತು ಹಾಸಿಗೆ, ಹದಿನೇಳನೆಯ ಹೆಸರು ನಿನ್ನದು. ನಿನ್ನ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದ ಡಾಕ್ಟರು, ಪೊರೆ ಪೂರ್ತಿ ಹಣ್ಣಾಗಿದೆ, ಈ ಚಳಿಗಾಲ ದಾಟಿಸಬೇಡಿ, ಒಳಗೇ ಒಡೆದರೆ ಕಣ್ಣು ಉಳಿಯುವುದಿಲ್ಲ ಎಂದು ನನ್ನ ಕಿವಿಯಲ್ಲೇ ಹೇಳಿದ್ದರು. ಆ ಪಟ್ಟಿ ಈಗ ಕೊಟ್ರಪ್ಪನವರ ಹತ್ತಿರ ಇದೆ. ನಿನ್ನೆ ಅವರು ಹಾಸ್ಟೆಲಿಗೇ ಬಂದು ಪಟ್ಟಿ ತೋರಿಸಿದರು. ನಿನ್ನ ಹೆಸರಿನ ಮೇಲೆ ಕೆಂಪು ಗೆರೆ. ಪಕ್ಕದಲ್ಲಿ 'ಸಾವಕ್ಕ, ಹರ್ತಿ' ಎಂದು ಬರೆದಿದ್ದಾರೆ. ನಿನ್ನ ಆಯಿಯ ಹೆಸರಿನಲ್ಲಿ ಇನ್ನೊಬ್ಬ ತಾಯಿಗೆ ಕಣ್ಣು ಬರಲಿ ಎಂದರು, ನನಗೆ ಸಮಾಧಾನವಾಗಲಿ ಎಂದು.

ಸಾವಕ್ಕ ಅವರ ಜೊತೆಗೇ ಬಂದಿದ್ದಳು. ಸೊಸೆಯ ಭುಜ ಹಿಡಿದುಕೊಂಡು ಹಾಸ್ಟೆಲಿನ ಮೆಟ್ಟಿಲು ಹತ್ತಿ ಬಂದಳು. ಅವಳಿಗೆ ಎರಡೂ ಕಣ್ಣು ಕಾಣುವುದಿಲ್ಲ. ತಡಕಿ ನನ್ನ ಮುಖ ಸಿಕ್ಕ ಮೇಲೆ ಗಲ್ಲ ಸವರಿ ಲಟಿಕೆ ಮುರಿದಳು. "ನಿಮ್ಮ ಆಯಿ ಪುಣ್ಯಾತಗಿತ್ತಿ ಯಪ್ಪಾ. ಹೋಗೂ ಮುಂದ ನನಗ ಜಾಗಾ ಮಾಡಿಕೊಟ್ಟ ಹೋದ್ಲು" ಎಂದಳು. ನಿಜ ಹೇಳಿದರೆ ಅವಳ ಜಾಗ ಹೋಗುತ್ತದೆ. ಹೇಳದಿದ್ದರೆ ನಿನ್ನದು ಹೋಯಿತು.

ಅದಕ್ಕೇ ಆಯಿ, ಕೇಳಲು ಬಾಯಿಲ್ಲದೆ ಕೇಳುತ್ತಿದ್ದೇನೆ. ಹದಿನೆಂಟಕ್ಕೆ ನೀನು ಗದಗಿಗೆ ಬರಬೇಡ. ನೆಗಡಿ, ಜ್ವರ, ಸೊಂಟ, ಏನಾದರೂ ಕಾಕಾನಿಗೆ ಹೇಳು. ಬೇಸಿಗೆ ರಜೆಯಲ್ಲಿ ನಾನೇ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿಯವರೆಗೆ ಕಣ್ಣಿಗೆ ಏನೂ ಆಗುವುದಿಲ್ಲ ಬಿಡು. ಇಷ್ಟು ಮಾಡು, ನಿನ್ನ ಕಾಲಿಗೆ ಬೀಳುತ್ತೇನೆ. ಸಂಕ್ರಮಣಕ್ಕೆ ಬರಲಾಗುವುದಿಲ್ಲ. ಬಂದರೂ ನಿನ್ನ ಕೈಯಿಂದ ಎಳ್ಳು ಬೆಲ್ಲ ಇಸಿದುಕೊಳ್ಳುವ ಮುಖ ನನಗಿಲ್ಲ. ಹೊಟಗಿಯಲ್ಲಿ ಕೆಲಸಕ್ಕಿರುವ ಅಪ್ಪ ಅವ್ವ ಹಬ್ಬಕ್ಕೆ ಬಂದರೆ ನನಗೆ ಪರೀಕ್ಷೆ ಎಂದು ಹೇಳು. ನೋಡು, ನಿನ್ನ ಬಾಯಲ್ಲೂ ಸುಳ್ಳು ತುರುಕುತ್ತಿದ್ದೇನೆ.

ಚಿಗವ್ವನಿಗೆ, ಚಾಚಿಗೆ ನನ್ನ ನಮಸ್ಕಾರ. ನಿನ್ನ ಆಶೀರ್ವಾದ ಕೇಳುವ ಧೈರ್ಯವಿಲ್ಲ. ಬೈಗುಳವಾದರೂ ಕಳಿಸು.

ನಿನ್ನ
ಕೂಸು

ತಾ. ಕ.: ಶುಕ್ರವಾರ, ಮಧ್ಯಾಹ್ನ. ಆಯಿ, ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬರೆಯುತ್ತಿದ್ದೇನೆ. ಇದನ್ನು ಅಂಚೆಗೆ ಹಾಕಿದರೆ ತಡವಾದೀತೆಂದು ಯಳವತ್ತಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತೇನೆ. ಮೇಲಿನದನ್ನು ಹರಿದುಹಾಕಬೇಕೆಂದಿದ್ದೆ. ಇರಲಿ, ನಾನು ನಿನ್ನೆಯವರೆಗೆ ಎಂಥವನಿದ್ದೆ ಎಂದು ನಿನಗೆ ಗೊತ್ತಿರಲಿ. ಬೆಳಿಗ್ಗೆ ಪತ್ರ ಹಾಕಲು ಹೋದವನು, 'ಕಣ್ಣಿಗೆ ಏನೂ ಆಗುವುದಿಲ್ಲ' ಎಂದು ಬರೆದದ್ದು ನೆನಪಾಗಿ ಡಬ್ಬಿಯ ಮುಂದೆಯೇ ನಿಂತುಬಿಟ್ಟೆ. ಡಾಕ್ಟರು ಹೇಳಿದ್ದನ್ನು ನನ್ನ ಕಿವಿಯಿಂದ ಕೇಳಿಯೂ ಹಾಗೆ ಬರೆದಿದ್ದೆ. ಸೀದಾ ಮುರ್ತುಜಾ ಸಾಹೇಬರ ಪ್ರೆಸ್ಸಿಗೆ ಹೋಗಿ ಎಲ್ಲ ಹೇಳಿದೆ. ಅವರು ಮಷೀನು ನಿಲ್ಲಿಸಿ "ಇನ್ನೊಮ್ಮೆ ಹೇಳು" ಎಂದರು. ಇನ್ನೊಮ್ಮೆ ಹೇಳಿದೆ. "ಐವತ್ತ ಮಂದಿನ್ನ ನಿಂದ್ರಿಸಿದ್ಯಲ್ಲೋ ಮಗನ! ಈ ಮಣಕಾಲ ತಗೊಂಡ ನಾನೂ ನಿಂತೆ!" ಎಂದು ಬಾಯಿಗೆ ಬಂದ ಹಾಗೆ ಬೈದರು. ಕೊನೆಗೆ ಹೇಳಿದ್ದು ಇಷ್ಟು. ಸಾವಕ್ಕನ ಹೆಸರು ತೆಗೆಯುವುದಿಲ್ಲ. ತೆಗೆಯುವುದು ಬೇಡವೆಂದೇ ನಾನೂ ಹೇಳಿದೆ, ನೀನೂ ಅದನ್ನೇ ಅನ್ನುತ್ತೀ. "ಪ್ರತಿ ಕ್ಯಾಂಪಿನ್ಯಾಗ ಸಕ್ಕರಿ ಜಡ್ಡು, ಬಿಪಿ ಅಂತ ಒಬ್ಬಿಬ್ಬರನ್ನ ತಿರಿಗಿ ಕಳಸ್ತಾರ. ನಿಮ್ಮ ಆಯಿನ್ನ ಕರಕೊಂಡ ಬಾ. ಜಾಗಾ ಖಾಲಿ ಆದ್ರ ಆಕಿದು. ಆಗಲಿಲ್ಲಂದ್ರ ಅದನ್ನ ಆಕಿಗೆ ನೀನ ಹೇಳಬೇಕು." ನಲವತ್ತು ಹೆಸರಿನ ಕೆಳಗೆ ನಲವತ್ತೊಂದನೆಯದಾಗಿ ನಿನ್ನ ಹೆಸರನ್ನು ನನ್ನ ಕೈಯಿಂದಲೇ ಬರೆಸಿದರು. ಮಂಗಳವಾರ ಗಂಟೆ ಬಾರಿಸಿದ ಮೇಲೆ ನಾನೇ ಎದ್ದು ಎಲ್ಲರ ಮುಂದೆ ಹೇಳಬೇಕು, ತಾವು ಹೇಳುವುದಿಲ್ಲವಂತೆ. ಕ್ಲಬ್ಬಿನಲ್ಲಿ ಇಟ್ಟುಕೊಳ್ಳುವುದು ಬಿಡುವುದು ಆಮೇಲಿನ ಮಾತು. ಕಂಡಕ್ಟರ್ ಕೈ ಮಾಡುತ್ತಿದ್ದಾನೆ. ಭಾನುವಾರ ಹದಿನೆಂಟಕ್ಕೆ ಮೊದಲ ಬಸ್ಸಿಗೆ ಬಾ, ಎಂಟು ದಿನಕ್ಕಾಗುವಷ್ಟು ಸೀರೆ ತಾ, ಆದರೆ ಅದೇ ಸಂಜೆ ಮರಳಬೇಕಾದೀತೆಂದೂ ತಿಳಿದು ಬಾ. ಕ್ಯಾಂಪಿನ ಬಾಗಿಲಲ್ಲಿ ಕೊಟ್ರಪ್ಪನವರು ಇರುತ್ತಾರೆ. ನೀನು ಯಾರೆಂದು ಅವರು ಕೇಳಿದರೆ ನೀನು ಹೇಳಬೇಡ, ನಾನು ಹೇಳುತ್ತೇನೆ.